ಸತ್ಯಾಂಶ: ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಒಡೆಯುತ್ತದೆಯೇ?

‘ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದುಹೋಗುತ್ತದೆ, ಹಳೆಯ ಆಸ್ಕಿ ಫಾಂಟೇ ಗತಿ’ ಎಂಬ ಸಂದೇಶ ಡಿಸೈನರ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ನಿಜವಲ್ಲ. (ಇನ್‌ಡಿಸೈನ್ ಅಡೋಬಿಯ ಪುಟವಿನ್ಯಾಸ ತಂತ್ರಾಂಶ; ಆಸ್ಕಿ ಫಾಂಟ್ ಎಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಹಳೆಯ ಫಾಂಟ್.)

ಒತ್ತಕ್ಷರ ಕೆಳಗೆ ಕೂರದೆ ‘ಕ್ಕ’ ಬದಲು ‘ಕ್‌ಕ’ ಕಾಣುವುದು ಬಹುತೇಕ ಫಾಂಟಿನ ದೋಷವಲ್ಲ. ಲ್ಯಾಟಿನ್ (ಇಂಗ್ಲಿಷ್) ಲಿಪಿಯ ಕಂಪೋಸರ್, ಅಂದರೆ ಅಕ್ಷರಗಳನ್ನು ಸಾಲಿನಲ್ಲಿ ಜೋಡಿಸುವ ವ್ಯವಸ್ಥೆ, ಆಯ್ಕೆಯಾಗಿರುತ್ತದೆ, ಅಷ್ಟೆ. ಪಠ್ಯ ಆಯ್ದು, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಒತ್ತಿ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಷನ್ ವಿಭಾಗದಲ್ಲೂ ಅದನ್ನೇ ಇಟ್ಟರೆ ಮತ್ತೆ ಮತ್ತೆ ಒತ್ತುವುದು ತಪ್ಪುತ್ತದೆ. ಫಾಂಟ್ ಕನ್ನಡದ್ದೇ ಇರಲಿ: ನೋಟೋ ಸೆರಿಫ್ ಕನ್ನಡ ಸಾಕು, ಉಚಿತವೂ ಹೌದು.

ಆಮೇಲೂ ಸಾಲುಗಳು ಒಂದಕ್ಕೊಂದು ತಾಗಿದರೆ ಲೀಡಿಂಗ್ (ಸಾಲುಗಳ ನಡುವಿನ ಅಂತರ) ನೋಡಿ. ತಾನಾಗಿ ಬರುವ, ಅಕ್ಷರ ಗಾತ್ರದ 120% ಅಂತರ ಒತ್ತಕ್ಷರಗಳಿಗೆ ಸಾಲದು. 11 ಪಾಯಿಂಟ್ ಅಕ್ಷರಕ್ಕೆ 16–17 ಕೊಡಿ.

ಅಂದಹಾಗೆ, ಆಸ್ಕಿ ಪಿಡಿಎಫ್‌ನಿಂದ ಪಠ್ಯ ನಕಲಿಸಿದರೆ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷ್ ಅಕ್ಷರಗಳ ಗೋಜಲು.