ನಂಬರ್ ಪ್ಲೇಟಿನ ಗರಗರ

ಹಾಡು ಹಚ್ಚಿದಾಗೆಲ್ಲಾ ಕಾರಿನ ಹಿಂದಿನ ನಂಬರ್ ಪ್ಲೇಟು ಗರ್ರ್ ಅನ್ನಾಕ ಹತ್ತಿ ಇವತ್ತಿಗೆ 15 ದಿನ. ಒಳಗ ಕುಂತ ನನಗ ಏನೂ ಕೇಳಸೂದಿಲ್ಲ, ಹೊರಗ ನಿಂತವ್ರಿಗೆ ತಗಡಿನ ಡಬ್ಬಿಯೊಳಗ ಜೀರುಂಡಿ ಹಾಕಿ ಮುಚ್ಚಿದಂಗ. ನವನಗರದಾಗ ನಮ್ಮ ಓಣಿ ಹುಡುಗ್ರು "ಕಾಕಾ, ಮೊದಲ ನಿಮ್ಮ ಪ್ಲೇಟ್ ಬರ್ತೈತಿ, ಆಮ್ಯಾಲ ಕಾರ್ ಬರ್ತೈತಿ" ಅಂತಾವ.

ಇದೆಲ್ಲಾ ಅಕ್ಕನ ಮಗನ ಕೃಪಾ. "ಮಾಮಾ, ನಿಮ್ಮ ಕಾರಿನ ಸ್ಟೀರಿಯೋದಾಗ ಬೇಸ್, ಆ ಧಂಧಂ ಅನ್ನೂ ದಪ್ಪ ದನಿ, ಎಲ್ಲೈತಿ? ವಾಲ್ಯೂಮ್ ಏರಿಸಿದ್ರ ಕಂಪನಿ ಸ್ಟೀರಿಯೋ ತಾನ ಬೇಸ್ ಕಡಿಮಿ ಮಾಡ್ತೈತಿ, ಸಣ್ಣ ಸ್ಪೀಕರ್ ಹರೀಬಾರ್ದಂತ" ಅಂದ. ಸಾಕಷ್ಟು ಗಾಡಿಯೊಳಗ ಅದು ಖರೇನ. ಆದ್ರ ಆರು ವರ್ಷ ನನಗೇನೂ ಕೊರತಿ ಅನಿಸಿದ್ದಿಲ್ಲ, ಅಂವ ಹೇಳಿದ ಮರುದಿನದಿಂದ ಯಾವ ಹಾಡು ಹಚ್ಚಿದ್ರೂ ಉಪ್ಪಿಲ್ಲದ ಪಲ್ಯ.

ಅಂಗಡ್ಯಾಂವ ಡಿಕ್ಕಿಯೊಳಗ ಬೇಸ್ ಬಡಿಯೂ ದೊಡ್ಡ ಸ್ಪೀಕರ್ ವೂಫರ್, ಅದಕ್ಕ ಜೋರು ಕೊಡೂ ಆಂಪ್ಲಿಫೈಯರ್ ಕುಂಡ್ರಿಸಿದ. ಬ್ಯಾಟರಿಯಿಂದ ದಪ್ಪ ಕೆಂಪು ವೈರ್ ಎಳದು ಫ್ಯೂಸ್ ಮಾತ್ರ ಡಿಕ್ಕಿಯೊಳಗ ಹಾಕಿದ್ದ! ಅದು ಬ್ಯಾಟರಿ ಬಾಜೂಕ, ಒಂದೂವರೆ ಫೂಟಿನೊಳಗ ಇರಬೇಕಪಾ, ನಡುವ ವೈರ್ ಎಲ್ಲ್ಯಾರ ತಗಡಿಗೆ ತಾಗಿದ್ರ ಗಾಡೀನ ಹೊತ್ತತೈತಿ ಅಂದ್ರ ಮಾರಿ ಉಬ್ಬಿಸಿಕೊಂಡು ಬದಲ ಮಾಡಿದ, ಆ ಸಿಟ್ಟಿಗೆ ಅರ್ಥ್ ವೈರ್ ಬಣ್ಣದ ಮ್ಯಾಲ ಬಿಗದ. ಗಾಡಿ ಚಾಲೂ ಆದ್ರ ಸ್ಪೀಕರಿನೊಳಗ ಕುಂಯ್ಯ್, ಎಕ್ಸಿಲರೇಟರ್ ಒತ್ತಿದಂಗ ಕುಂಯ್ಯೂ ಏರ್ತಿತ್ತು. ಬಣ್ಣ ಕೆರದು ಬರೇ ತಗಡಿಗೆ ಬಿಗದ ಮ್ಯಾಲ ನಿಂತ್ತು. ರೊಕ್ಕ ಎಣಸೂವಾಗ ಮಾತ್ರ ಅಂವನ ಕೈ ಭಾಳ ಚುರುಕ.

ಇರ್ಲಿ. ಹೋದ ವಾರ ಮುಧೋಳದಿಂದ ಬರೂವಾಗ ಲೋಕಾಪುರದ ಈಚೆ ಮುಂದ ಒಂದ್ ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್, ಎರಡೂ ಮನಿ ಎತ್ತರ. ಏರು ಬಂದಾಗೆಲ್ಲಾ ಟ್ರ್ಯಾಕ್ಟರಿನ ಮುಂದಿನ ಗಾಲಿ ಗೇಣು ಮ್ಯಾಲೆದ್ದು ಥಪ್ಪಂತ ಕೂಡ್ತಿದ್ವು, ನನ್ನ ಜೀವ ಅವುಗಳ ಕೂಡ ಏರಿ ಇಳೀತಿತ್ತು. ಡ್ರೈವರ್ ಆಜೂ ಬಾಜೂ ದೊಡ್ಡ ದೊಡ್ಡ ಬಾಕ್ಸು, ಜಾನಪದ ಹಾಡು, ಎಂಥಾ ಹೊಡತ ಅಂತೀರಿ, ನನ್ನ ಕಾರಿನ ಕನ್ನಡಿಯೊಳಗ ನನ್ನ ಮಾರಿ ಎರಡೆರಡು ಕಾಣತಿತ್ತು. ನನ್ನ ವೂಫರ್ ಬಡೀತೈತೋ ಇಲ್ಲೋ ತಿಳೀವಲ್ದು. ಕತ್ತಲಾಗಾಕ ಬಂದಿತ್ತು, ಹಿಂದ ಒಂದ್ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ವರ್ಷಾ ಕಬ್ಬಿನ ಸೀಸನ್ನಿಗೆ ಇದ ಹಣೇಬರಹ, ಬಾಕ್ಸಿಗೆ ರೊಕ್ಕ ಐತಿ, ದೀಪಕ್ಕಿಲ್ಲ! ಇವತ್ತ ಬಿಡೂದಿಲ್ಲಂತ, ಅಂವ ಚಾದಂಗಡಿ ಮುಂದ ನಿಲ್ಲಿಸಿದ ಕೂಡ್ಲೆ ನಾನೂ ಇಳದು ದಡದಡ ಹೋದೆ.

ನಾ ಬಾಯಿ ತಗಿಯೂದ್ರೊಳಗ ಅಂವನ, "ಸರ, ನಿಮ್ಮ ಗಾಡ್ಯಾಗ ವೂಫರ್ ಹಾಕ್ಸೀರೇನ್ರಿ?" ಅಂದ. ಇಪ್ಪತ್ತರ ಹುಡುಗ, ಕಬ್ಬಿನ ರವದಿ ಕೂದಲಾಗ ಸಿಕ್ಕಿತ್ತು. ಡಿಕ್ಕಿ ಮ್ಯಾಲ ಅಂಗೈ ಇಟ್ಟು, ಡಾಕ್ಟರ್ ಹೊಟ್ಟಿ ನೋಡಿದಂಗ ನೋಡಿದ. "ಆಂಪ್ಲಿಫೈಯರಿನ ಗೇನ್ ಪೂರಾ ತಿರುವಿಟ್ಟಾರ್ರೀ, ಅದು ಸ್ಟೀರಿಯೋದಿಂದ ಬರೂ ಸಿಗ್ನಲ್ಲಿಗೆ ಹೊಂದಿಸೂದು, ವಾಲ್ಯೂಮ್ ಅಲ್ರೀ ಸರ" ಅಂತ ಸಣ್ಣ ಸ್ಕ್ರೂಡ್ರೈವರ್ ತಂದು ಅರ್ಧಕ್ಕ ಇಳಿಸಿದ. ಹಾಡು ಹಗರ ಆಗಿ ಎದ್ದು ಬಂತು. "ಪ್ಲೇಟಿನ ಹಿಂದ ಸೈಕಲ್ ಟ್ಯೂಬ್ ಕತ್ತರಿಸಿ ಹಾಕ್ರಿ" ಅಂದ. ಚಾದ ರೊಕ್ಕಾನೂ ಅಂವನ ಕೊಟ್ಟ.

ಮನಿ ಮುಂದ ಗಾಡಿ ನಿಲ್ಲಿಸಿದಾಗ ನೆನಪಾತು, ನಾ ಹೋಗಿದ್ದು ದೀಪದ ಸಲುವಾಗಿ. ಹಳೇ ಟ್ಯೂಬ್ ಇನ್ನೂ ಸಿಕ್ಕಿಲ್ಲ, ನಮ್ಮ ಓಣಿಯೊಳಗ ಈಗ ಸೈಕಲ್ ಯಾರ ಮನ್ಯಾಗ ಐತಿ?