ಕಾರಿಗೂ ಗೋತ್ರ ಕೇಳುವವರು

ಇಟಲಿಯ ಕಾರು ಮೇಲೋ ಅಮೆರಿಕದ್ದೋ ಎಂಬ ಜಗಳದಲ್ಲಿ ಕಾರುಪ್ರಿಯರ ಎರಡು ಬಣದವರೂ ಎಂಜಿನ್ ಬಿಟ್ಟು ಗೋತ್ರ ಹಿಡಿದು ಕೂತಿದ್ದಾರೆ. ಇಟಲಿಯದಕ್ಕೆ ಆತ್ಮ ಇದೆಯಂತೆ, ಅಮೆರಿಕದ್ದಕ್ಕೆ ಗಂಡೆದೆಯಂತೆ. ಇತ್ಯರ್ಥಕ್ಕೆ ಇಬ್ಬರೂ ಓಡುವುದು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ರೇಸ್‌ಟ್ರ್ಯಾಕ್‌ಗೆ!

ಸರಿ, 1971ರ ಡಿ ಟೊಮಾಸೊ ಪಂತೇರಾದ ಗೋತ್ರ ಹೇಳಿ. ಇಟಲಿಯ ಮೊಡೆನಾದ ಕಂಪನಿ. ಒಡೆಯ ಅರ್ಜೆಂಟೀನಾದವನು, ಬಾಡಿಯ ಗೆರೆ ಎಳೆದ ಟಾಮ್ ಚಾರ್ಡಾ ಅಮೆರಿಕದವನು, 5.8 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ಫೋರ್ಡಿನದು, ಗೇರ್‌ಬಾಕ್ಸ್ ಜರ್ಮನಿಯ ಜಡ್‌ಎಫ್‌ನದು. ಅಪ್ಪಟ ಇಟಲಿಯದೆಂದರೆ ತುಕ್ಕು ಒಂದೇ. ಸ್ಟಾರ್ಟ್ ಆಗದ ತನ್ನ ಪಂತೇರಾಕ್ಕೆ ಎಲ್ವಿಸ್ ಪ್ರೀಸ್ಲಿ ಗುಂಡು ಹೊಡೆದದ್ದು ಲೋಕಪ್ರಸಿದ್ಧ. ವಾರಂಟಿ ಕ್ಲೇಮಿಗೆ ಅದೂ ಒಂದು ದಾರಿ.

1992ರ ಡಾಡ್ಜ್ ವೈಪರ್? 8 ಲೀಟರ್ ವಿ10, ಹೊರಗೆ ಬಾಗಿಲ ಹಿಡಿಯೂ ಇಲ್ಲದ ಅಮೆರಿಕದ ಪೈಲ್ವಾನ. ಇಳಿಯುವಾಗ ಮೀನಖಂಡ ಜೋಪಾನ, ಬಾಗಿಲ ಕೆಳಗೇ ಸೈಲೆನ್ಸರ್ ಕೊಳವೆ ಕಾದಿರುತ್ತದೆ. ಆ ಎಂಜಿನ್ನನ್ನು ಅಲ್ಯೂಮಿನಿಯಮ್‌ನಲ್ಲಿ ಎರಕ ಹೊಯ್ಯಲು ನೆರವಾದದ್ದು ಆಗ ಡಾಡ್ಜ್‌ನ ಒಡೆಯ ಕ್ರೈಸ್ಲರ್ ಕೈಯಲ್ಲೇ ಇದ್ದ ಇಟಲಿಯ ಲ್ಯಾಂಬೊರ್ಗಿನಿ.

ಆತ್ಮ ಎಲ್ಲಿರುತ್ತದೆಂದು ನೋಡಬೇಕಾದರೆ ಗ್ಯಾರೇಜಿಗೇ ಬರಬೇಕು. ಫೆರಾರಿ ಎಫ್355: 3.5 ಲೀಟರ್, 40 ವಾಲ್ವ್, 375 ಎಚ್‌ಪಿ. ವಾಲ್ವ್‌ಗಳ ಓಟವನ್ನು ಪಿಸ್ಟನ್‌ಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಸೀಟಿನ ಹಿಂದಿನ ಗೋಡೆಗೆ ಒತ್ತಿಕೊಂಡಿದೆ, ಕೈ ತೂರುವುದಿಲ್ಲ. ಹಾಗಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಕೂಲಂಟ್ ಇಳಿಸಿ, ಆಕ್ಸಲ್, ವೈರಿಂಗ್, ಹೋಸು ಎಲ್ಲ ಕಳಚಿ, ಎಂಜಿನ್ನು ಗೇರ್‌ಬಾಕ್ಸನ್ನು ಸಬ್‌ಫ್ರೇಮ್ ಸಮೇತ ಕೆಳಗಿಳಿಸಬೇಕು. ಒಂದು ರಬ್ಬರ್ ಪಟ್ಟಿಗಾಗಿ! ಮುಂದೂಡಿ ಬೆಲ್ಟ್ ತುಂಡಾಯಿತೋ, ಪಿಸ್ಟನ್ ಬಂದು ವಾಲ್ವ್‌ಗೆ ಗುದ್ದುತ್ತದೆ. ಇಳಿಸಿದ ಮೇಲೆ ಮೆಕ್ಯಾನಿಕ್ ಬಾಯಲ್ಲಿ ಆ ಮಂತ್ರ: "ಹೇಗೂ ಬಿಚ್ಚಿದ್ದೀವಲ್ಲ ಸಾರ್..." ಟೆನ್ಷನರ್ ಬೇರಿಂಗ್, ವಾಟರ್ ಪಂಪ್, ಬಿರುಕು ಬಿಟ್ಟ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಬಿಲ್ಲು ಬಂದಾಗ ಮಾಲೀಕ ಅದಕ್ಕೆ ಆತ್ಮ ಎಂದು ಹೆಸರಿಡುತ್ತಾನೆ.

ಅದೇ ಕಾಲದ ಅಮೆರಿಕದ ಷೆವ್ರೊಲೆ ಕಾರ್ವೆಟ್ ಸಿ5ರಲ್ಲಿ ಬೆಲ್ಟೇ ಇಲ್ಲ, ಚೈನು. 5.7 ಲೀಟರಿಗೆ 345 ಎಚ್‌ಪಿ. ಅದರ ವಾಲ್ವ್ ತಳ್ಳುವ ಕಡ್ಡಿ, ಪುಷ್‌ರಾಡ್, ಎಂದರೆ ಲಾರಿ ತಂತ್ರ ಎಂದು ನಗುವವರಿಗೆ, ವಾಲ್ವ್ ಆಡಿಸುವ ಕ್ಯಾಮ್ ದಂಡ ಬ್ಲಾಕಿನೊಳಗಿದ್ದರೆ ಹೆಡ್ ಚಿಕ್ಕದಾಗಿ ಬಾನೆಟ್ ತಗ್ಗುತ್ತದೆಂಬುದು ಬೇಕಿಲ್ಲ. ಲೀಟರಿಗೆಷ್ಟು ಎಚ್‌ಪಿ ಎಂಬುದೇ ಅವರ ಜಪ. 2 ಲೀಟರ್ ಮೀರಿದರೆ ಇಟಲಿಯಲ್ಲಿ ತೆರಿಗೆ ಏರುತ್ತಿತ್ತೆಂದು 1980ರಲ್ಲಿ ಫೆರಾರಿಯೇ ವಿ8 ಕುಗ್ಗಿಸಿ ಸುಮಾರು 155 ಎಚ್‌ಪಿಯ 208 ಜಿಟಿಬಿ ಮಾಡಿತ್ತು. ಆ ಲೆಕ್ಕ ಯಾರೂ ಎತ್ತುವುದಿಲ್ಲ.

ಅಮೆರಿಕದ ಬಣ ಬೀಗಬೇಕಿಲ್ಲ. 650 ಎಚ್‌ಪಿಯ ಕಾರ್ವೆಟ್ ಸಿ7 ಝಡ್06 ರೇಸ್‌ಟ್ರ್ಯಾಕ್‌ಗೆಂದೇ ಬಂತು. ಬಿಸಿಲಲ್ಲಿ ಕೆಲವೇ ಸುತ್ತಿಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕಾದು, ಕಂಪ್ಯೂಟರೇ ಪವರ್ ಕಡಿತ ಮಾಡತೊಡಗಿತು. 2017ರಲ್ಲಿ ಬಾನೆಟ್ಟಿನ ಗಾಳಿಕಿಂಡಿ ಹಿಗ್ಗಿಸಿದರು.

ಈಗಿನ ಸಿ8 ಝಡ್06? ಎಂಜಿನ್ ಸೀಟಿನ ಹಿಂದೆ, ಫೆರಾರಿ ವಿ8ಗಳದೇ ಬಗೆಯ ಫ್ಲಾಟ್-ಪ್ಲೇನ್ ಕ್ರ್ಯಾಂಕ್, ಟರ್ಬೊ ಇಲ್ಲದೆ 670 ಎಚ್‌ಪಿ, 8,600 ಆರ್‌ಪಿಎಂ. ಫೆರಾರಿಯೋ 2015ರಲ್ಲೇ 488ಕ್ಕೆ ಎರಡು ಟರ್ಬೊ ಹಾಕಿತು. ಕಾರ್ವೆಟ್ ಬಣದ ಹಿರಿಯರು ಈಗ ಪುಷ್‌ರಾಡ್ ಎಲ್ಲಿ ಎಂದು ಗೋಳಾಡುತ್ತಿದ್ದಾರೆ.