ತುಪ್ಪ ತಿನ್ನುವವರಿಗೆ ಮನೆ ಬಾಡಿಗೆಗೆ ಇಲ್ಲ

ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೊರಟವನಿಗೆ ಮೊದಲು ಸಿಗುವುದು ಮನೆಯಲ್ಲ, ಬೋರ್ಡು. ‘ಮನೆ ಬಾಡಿಗೆಗೆ ಇದೆ’ ಎಂದು ದಪ್ಪಕ್ಷರದಲ್ಲಿ ಕರೆದು, ಅದರ ಕೆಳಗೇ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಸಣ್ಣಕ್ಷರದಲ್ಲಿ ಕತ್ತು ಹಿಡಿದು ದಬ್ಬುವ ಬೋರ್ಡು. 2014ರಲ್ಲಿ ಕೇಂದ್ರ ಸರ್ಕಾರವೇ ಮಾಡಿಸಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ನೂರು ಜನರಲ್ಲಿ 75ಕ್ಕಿಂತ ಹೆಚ್ಚು ಮಂದಿ ಮಾಂಸ ತಿನ್ನುವವರು. ಬೋರ್ಡುಗಳ ಮಾತು ನಡೆಯುವಂತಿದ್ದರೆ ಊರಿನ ಮುಕ್ಕಾಲು ಪಾಲು ಜನ ಇಷ್ಟೊತ್ತಿಗೆ ಹೈಸ್ಕೂಲ್ ಮೈದಾನದಲ್ಲಿ ಗುಡಾರ ಹಾಕಿಕೊಂಡಿರಬೇಕಿತ್ತು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಓಣಿ ಓಣಿಯಲ್ಲೂ ಮಸಾಲೆ ಅರೆಯುವ ಸದ್ದು ಕೇಳುತ್ತದಲ್ಲ, ಆ ಮನೆಗಳನ್ನೆಲ್ಲ ಯಾರು ಯಾರಿಗೆ ಕೊಟ್ಟರೋ!

ನಾನು ಕುರಿಯ ಪಾರ್ಟಿ. ಇದನ್ನು ಮುಚ್ಚಿಡುವ ಅಭ್ಯಾಸವಿಲ್ಲದ್ದರಿಂದ ಎರಡು ತಿಂಗಳಲ್ಲಿ 11 ಮನೆ ಕೈತಪ್ಪಿದವು. ಈಗಿರುವ ಮನೆಯ ಯಜಮಾನರು ಮಗನಿಗೆ ಮದುವೆ ಗೊತ್ತಾಗಿದೆ, ಬಿಟ್ಟುಕೊಡಿ ಅಂದಿದ್ದಾರೆ. ಒಳ್ಳೆಯವರು, ಮದುವೆಗೂ ಕರೆದಿದ್ದಾರೆ. ಈ ಸಂಕಟದ ನಡುವೆ ಬೆಂಗಳೂರಿನಿಂದ ಮಗಳು ಬಂದಳು. ಅವಳ ಆಫೀಸಿನಲ್ಲಿ ಎಲ್ಲರೂ 21 ದಿನ ವೀಗನ್ ಆಗುವುದಾಗಿ ಪಣ ತೊಟ್ಟಿದ್ದಾರಂತೆ.

“ಅಪ್ಪಾಜಿ, ನೀವೂ ಮಾಡ್ರಿ. ಮಾಂಸ, ಮೊಟ್ಟೆ ಬಿಟ್ರೆ ಸಾಲಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಯಾವುದೂ ಇಲ್ಲ.”

“ಅಂದ್ರೆ ಹುಷಾರಿಲ್ಲದೋರ ಊಟ.”

“ಅಲ್ಲ, ಸಸ್ಯಾಹಾರಕ್ಕಿಂತ ಒಂದು ಮೆಟ್ಲು ಮೇಲೆ.”

ಈ ‘ಒಂದು ಮೆಟ್ಲು ಮೇಲೆ’ ಅನ್ನುವ ಮಾತು ಕಿವಿಗೆ ಬಿತ್ತು ನೋಡಿ, ಬಾಡಿಗೆ ಮನೆಯೊಂದು ಕಣ್ಣ ಮುಂದೆ ಬಂದು ನಿಂತಿತು. ಆಗಲಿ ಅಂದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ರೇಷ್ಮೆನೂ ಹುಳದಿಂದ ಬಂದಿದ್ದೇ ಅಂತೆ. ಊಟದ ತನಕ ನಿಮ್ಮಿಷ್ಟ ರೀ, ನನ್ನ ಮೊಳಕಾಲ್ಮೂರು ಸೀರೆ ತಂಟೆಗೆ ಬರಬ್ಯಾಡ್ರಿ.”

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬುವವರೂ ಅವರ ಸಂಗಡಿಗರೂ ಇಂಗ್ಲಿಷಿನ ‘ವೆಜಿಟೇರಿಯನ್’ ಪದದಲ್ಲಿ ಮೊದಲ ಮೂರಕ್ಷರ, ಕೊನೆಯ ಎರಡಕ್ಷರ ಇಟ್ಟುಕೊಂಡು ನಡುವಿನದ್ದನ್ನೆಲ್ಲ ಎಸೆದರು. ತಲೆ ಇದೆ, ಬಾಲ ಇದೆ, ಹೊಟ್ಟೆ ಇಲ್ಲ. ಈ ಪದರಚನೆಯ ಔಚಿತ್ಯ ನನಗೆ ಮೊದಲ ವಾರದಲ್ಲೇ ಮನದಟ್ಟಾಯಿತು. ಇದಕ್ಕೊಂದು ದಿನಾಚರಣೆಯೂ ಉಂಟು, 1994ರಿಂದ, ನವೆಂಬರ್ 1ಕ್ಕೆ. ಅವತ್ತು ನಾವು ತಾಯಿ ಭುವನೇಶ್ವರಿಗೆ ಕೈಮುಗಿದು ತುಪ್ಪದ ಮೈಸೂರು ಪಾಕು ಹಂಚುತ್ತಿರುತ್ತೇವೆ.

ಸೋಮವಾರ ಶುರು ಮಾಡಿದೆ. ಸೋಮವಾರ ಹೇಗೂ ಶಿವನ ವಾರ, ಮನೆಯಲ್ಲಿ ಮಾಂಸವಿಲ್ಲ. ಗುರುವಾರ ರಾಯರ ವಾರ. ಶನಿವಾರ ಹನುಮಪ್ಪನದು. ಮಂಗಳವಾರ, ಶುಕ್ರವಾರ ಹೆಂಡತಿಯ ಪೂಜೆ. ಉಳಿದದ್ದು ಬುಧವಾರ, ಭಾನುವಾರ. ಅದರಲ್ಲೂ ಒಂದು ಬುಧವಾರಕ್ಕೆ ಅಮಾವಾಸ್ಯೆ ಬಿತ್ತು. ಅಂತೂ 21 ದಿನದಲ್ಲಿ ನಾನು ನಿಜವಾಗಿ ಕಳೆದುಕೊಂಡದ್ದು 3 ಭಾನುವಾರದ ಕುರಿ, 2 ಬುಧವಾರದ ಮೊಟ್ಟೆ ಸಾರು. ಶ್ರಾವಣ, ನವರಾತ್ರಿ, ಕಾರ್ತೀಕ ಎಲ್ಲ ಕಳೆದರೆ ನನ್ನಂಥ ಮಾಂಸಾಹಾರಿ ವರ್ಷದ ಮುಕ್ಕಾಲು ಪಾಲು ಸಸ್ಯಾಹಾರಿಯೇ. ಬಾಡಿಗೆಯಲ್ಲಿ ಅಷ್ಟು ತಿಂಗಳಾದರೂ ಹಿಡಿದುಕೊಳ್ಳಬಾರದೆ ಅಂತ ಒಬ್ಬ ಮಾಲೀಕರನ್ನು ಕೇಳಿಯೂ ನೋಡಿದ್ದೆ. ಇರಲಿ. ಹಾಲಿನ ಲೆಕ್ಕ ಬೇರೆ. ದಿನಕ್ಕೆ 3ರಂತೆ 63 ಚಹಾ. ಕುರಿ ಬಿಡಲಿಕ್ಕೆ ಒಂದೊಂದು ದೇವರ ನೆಪವಿದೆ, ಚಹಾ ಬಿಡು ಅಂತ ಯಾವ ದೇವರೂ ಇವತ್ತಿನವರೆಗೆ ಕೇಳಿದ್ದಿಲ್ಲ.

ಎರಡನೇ ದಿನ ಬೆಳಿಗ್ಗೆ ಕಾಲು ತಮ್ಮಷ್ಟಕ್ಕೆ ದೋಸೆ ಹೋಟೆಲಿಗೆ ನಡೆದವು. ಸೌದೆ ಒಲೆ, ಅದರ ಮೇಲೆ ಎಣ್ಣೆ ಕುಡಿದು ಕರ್ರಗಾದ ಹಂಚು, ಪಕ್ಕದಲ್ಲಿ ಬೆಣ್ಣೆಯ ಪಾತ್ರೆ. ದೋಸೆ ಹೊಯ್ಯುವವರು ಎರಡು ಬೆರಳಲ್ಲಿ ಬೆಣ್ಣೆ ಕಿತ್ತು ದೋಸೆಯ ಮೇಲೆ ಒಗೆಯುತ್ತಾರೆ. ಅದು ಬಿದ್ದಲ್ಲಿ ನಿಲ್ಲದೆ ಜಾರುತ್ತದೆ, ಅಂಚಿನಲ್ಲಿ ಸಣ್ಣಗೆ ನೊರೆಗಟ್ಟುತ್ತದೆ, ಆಮೇಲೆ ಆ ಜೇನುಗೂಡಿನಂಥ ತೂತುಗಳೊಳಗೆ ಒಂದೊಂದಾಗಿ ಇಳಿದು ಕಾಣೆಯಾಗುತ್ತದೆ. ತಟ್ಟೆಗೆ ಬಂದ ಮೇಲೆ ಇನ್ನೊಂದು ಉಂಡೆ.

“ಬೆಣ್ಣೆ ಇಲ್ಲದಂಗೆ ಒಂದು ಬೆಣ್ಣೆ ದೋಸೆ,” ಅಂದೆ.

ಅವರು ಸೌಟು ಕೆಳಗಿಟ್ಟರು. “ಯಾವಾಗ ಆತು ಸಾರ್ ಆಪರೇಷನ್?”

“ಆಪರೇಷನ್ ಅಲ್ಲ. ಎಣ್ಣೆ ಹಾಕ್ರಿ ಸಾಕು.”

“ಸ್ಟೆಂಟ್ ಎಷ್ಟು ಹಾಕ್ಯಾರೆ?”

ಹಿಂದಿನ ಟೇಬಲ್ಲಿನವರು ಮಾತು ನಿಲ್ಲಿಸಿದರು. ದೋಸೆ ಶೇಂಗಾ ಎಣ್ಣೆಯಲ್ಲಿ ಬಂತು. ಎಣ್ಣೆಯ ಮೇಲೆ ನನಗೆ ದ್ವೇಷವಿಲ್ಲ, ಪಕ್ಕದ ಚಳ್ಳಕೆರೆ ಹೆಸರು ಮಾಡಿದ್ದೇ ಎಣ್ಣೆ ಮಿಲ್ಲುಗಳಿಂದ. ಆದರೆ ಅದೇ ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಮೇಯುತ್ತ ಬಂದದ್ದು ಅಮೃತಮಹಲ್ ದನ. ಟಿಪ್ಪು ಆ ಹೆಸರು ಕೊಡುವ ಮೊದಲು, ಮೈಸೂರು ಒಡೆಯರ ಕಾಲದಲ್ಲಿ, ಆ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದೇ ಹೆಸರಿತ್ತು. ಬೆಣ್ಣೆಗೇ ಒಂದು ಸರ್ಕಾರಿ ಇಲಾಖೆಯಿದ್ದ ಸೀಮೆಯಲ್ಲಿ ಬೆಣ್ಣೆ ಬೇಡವೆಂದವನನ್ನು ಎದೆರೋಗಿ ಎಂದುಕೊಂಡದ್ದರಲ್ಲಿ ತಪ್ಪೇನು? ಬಿಲ್ಲು ಮಾತ್ರ ಬೆಣ್ಣೆ ದೋಸೆಯದ್ದೇ ಬಂತು. ಕೇಳಿದ್ದಕ್ಕೆ ಗಲ್ಲಾದಲ್ಲಿದ್ದವರು, “ನೆನಪಿಟ್ಟು ಹಾಕದೇ ಇರೋದೂ ಒಂದು ಕೆಲಸ ಅಲ್ಲೇನ್ರೀ?” ಅಂದರು.

ನಗಬೇಡಿ, ಇಡೀ ವ್ಯಾಪಾರವೇ ಈ ಮಾತಿನ ಮೇಲೆ ನಿಂತಿದೆ. ಮಗಳು ತರಿಸಿದ ಬಾದಾಮಿ ಪೊಟ್ಟಣದ ಒಂದು ಲೀಟರಿನ ಬೆಲೆಗೆ ಹಾಲಿನವನ ಒಂದು ವಾರದ ಬಾಕಿ ತೀರುತ್ತಿತ್ತು. ಅದರ ಮೇಲೆ ‘ಹಾಲು’ ಅಂತಿಲ್ಲ, ‘ಪಾನೀಯ’ ಅಂತಿದೆ. ಇಂಥವನ್ನು ಹಾಲು ಎಂದು ಕರೆದು ಮಾರುವ ಹಾಗಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿತು. ನಮ್ಮಜ್ಜಿ ಗಸಗಸೆ ಹಾಲನ್ನು ಪೊಟ್ಟಣ ಕಟ್ಟಿ ಮಾರಲಿಲ್ಲ, ಬಚಾವಾದಳು. 2022ರಲ್ಲಿ ವೀಗನ್ ಆಹಾರಕ್ಕೇ ಬೇರೆ ನಿಯಮಾವಳಿ ಬಂತು; ಹಸಿರು ‘ವಿ’ ಅಕ್ಷರ, ಅದಕ್ಕೊಂದು ಎಲೆ. ಆ ಮುದ್ರೆ ಹೊತ್ತ ಪಾನೀಯವನ್ನು ಚಹಾಕ್ಕೆ ಹಾಕಿದೆ. ಅಕ್ಕಿ ತೊಳೆದ ನೀರಿನಲ್ಲಿ ಚಹಾಪುಡಿ ಬಿದ್ದುಹೋದ ಹಾಗಿತ್ತು.

ಇತ್ತ ನಮ್ಮ ಮಂಡಕ್ಕಿ ಭಟ್ಟಿಯಿಂದ ಹೊರಟ ಮಂಡಕ್ಕಿ. ಅದಕ್ಕೆ ಎಣ್ಣೆ, ಖಾರ, ಹುರಿಗಡಲೆ ಪುಡಿ. ಜೊತೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ. ಎಲ್ಲೂ ಪ್ರಾಣಿಯ ಸೋಂಕಿಲ್ಲ. ಗಾಡಿಯವನಿಗೆ “ನೀನು ಮಾರೋದು ವೀಗನ್ ಕಣಪ್ಪಾ” ಅಂದೆ. “ಇಲ್ಲ ಸಾರ್, ಆ ಥರದ್ದೆಲ್ಲ ನಾವು ಹಾಕಲ್ಲ. ಬರೇ ನರ್ಗಿಸ್ ಮಂಡಕ್ಕಿ” ಎಂದು ಗಂಟಲು ಮುಟ್ಟಿ ಆಣೆ ಮಾಡಿದ. ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮುದ್ದೆ, ಉಪ್ಪೆಸರು ತಿಂದು ಹೊಲಕ್ಕೆ ಹೋಗುವವರಿಗೂ ಯಾರೂ ಎಲೆಯ ಮುದ್ರೆ ಒತ್ತಿಲ್ಲ. ಒತ್ತಿದ ದಿನ ಅವರಿಗೆ ಅದು ಎಟುಕುವುದಿಲ್ಲ. ನಾನಂತೂ 21 ದಿನ ಮಂಡಕ್ಕಿ ಮಿರ್ಚಿಯಲ್ಲೇ ಕಳೆದೆ. ತೂಕ 2 ಕಿಲೋ ಏರಿತು.

ಬಿ12 ಜೀವಸತ್ವ ಸಸ್ಯಗಳಲ್ಲಿ ಸಿಗುವುದಿಲ್ಲವೆಂದು ಮಗಳು ಮಾತ್ರೆ ತಂದಿದ್ದಳು. ಕ್ಯಾಪ್ಸೂಲಿನ ಚಿಪ್ಪು ಜೆಲಟಿನ್ನಿನದು, ಅಂದರೆ ಪ್ರಾಣಿಗಳ ಮೂಳೆ, ತೊಗಲು ಬೇಯಿಸಿ ತೆಗೆದದ್ದು. ಅದನ್ನು ವಾಪಸ್ ಮಾಡಿದೆವು. “ಇರ್ಲಿ ಬಿಡಿ ಅಪ್ಪಾಜಿ, ಬಿ12 ಲಿವರಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತೆ” ಅಂದಳು. ಇರುತ್ತದೆ. ನನ್ನ ಲಿವರಿನ ದಾಸ್ತಾನೆಲ್ಲ ಕುರಿಯ ಲಿವರಿನಿಂದ ವರ್ಗಾವಣೆಯಾಗಿ ಬಂದದ್ದು.

ಹತ್ತನೇ ದಿನ 12ನೇ ಮನೆ ನೋಡಲು ಹೋದೆ. ಮೇಲಿನ ಮಹಡಿ, ಬೋರ್ ನೀರು, ಗೇಟಿಗೆ ಅದೇ ಬೋರ್ಡು. ಯಜಮಾನರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು.

“ವೆಜ್ಜೋ, ನಾನ್‌ವೆಜ್ಜೋ?”

“ವೀಗನ್.”

ಕನ್ನಡಕ ಮೇಲೇರಿತು. “ಅವ್ರು ಯಾವ ಕಡೆ ಜನ? ಆಂಧ್ರದೋರಾ?”

“ಜನ ಅಲ್ರೀ, ಊಟ.”

“ಮೊಟ್ಟೆ?”

“ಇಲ್ಲ.”

“ಬೇಕರಿ ಕೇಕು?”

“ಇಲ್ಲ.”

“ಬೆಳ್ಳುಳ್ಳಿ?”

“ತಿಂತೀನಿ.” ಇಲ್ಲಿ ಒಂದೆರಡು ಅಂಕ ಹೋದವು.

“ಹಾಲು, ತುಪ್ಪ?”

“ಮುಟ್ಟಲ್ಲ.”

ಹೋದ ಅಂಕ ಬಡ್ಡಿ ಸಮೇತ ವಾಪಸ್ ಬಂದವು. ಅವರು ಕಟ್ಟೆಯ ಮೇಲೆ ಸರಿದು ಜಾಗ ಮಾಡಿದರು. ಕೂತೆ. ಅಷ್ಟರಲ್ಲಿ ಒಳಗಿನಿಂದ ಅಮ್ಮನವರು ಚಹಾ ತಂದರು. ಸ್ಟೀಲ್ ಲೋಟ, ಏಲಕ್ಕಿ ಘಮ, ಮೇಲೆ ಆಗತಾನೆ ಕಟ್ಟುತ್ತಿದ್ದ ಕೆನೆ. ಹತ್ತು ದಿನದ ಉಪವಾಸಿ ಕೈ ಅರ್ಧದವರೆಗೆ ಹೋಗಿ ನಿಂತಿತು.

“ಬ್ಯಾಡ್ರಮ್ಮ.”

“ಸಕ್ಕರೆ ಕಮ್ಮೀನೇ ಹಾಕೀನಿ.”

“ಸಕ್ಕರೆ ಅಲ್ರಿ, ಹಾಲು.”

“ಒಳ್ಳೆ ಹಾಲು ರೀ, ಕಣ್ಣೆದುರಿಗೇ ಹಿಂಡಿಸಿಕೊಂಡು ಬರ್ತೀವಿ.”

“ಎಂಥಾ ಹಾಲಾದ್ರೂ ನಮಗೆ ಆಗಲ್ಲ.”

‘ನಮಗೆ ಆಗಲ್ಲ.’ ಈ ಎರಡು ಪದವನ್ನು ಜೀವಮಾನವೆಲ್ಲ ಕೇಳಿಸಿಕೊಂಡವನು ನಾನು, ಹೇಳಿದವನಲ್ಲ. ನಮ್ಮ ಮನೆಯ ಪೂಜೆಗೆ ಬಂದವರು ಬಾಳೆಹಣ್ಣು ಮಾತ್ರ ಕೈಗೆತ್ತಿಕೊಂಡು, ನೀರಿನ ಲೋಟವನ್ನು ನೋಡಿಯೂ ನೋಡದವರಂತೆ ‘ಇರ್ಲಿ ಬಿಡ್ರಿ, ನಮಗೆ ಆಗಲ್ಲ’ ಎಂದು ಎದ್ದುಹೋದದ್ದಿದೆ. ಹಣ್ಣಿಗೆ ಸಿಪ್ಪೆ ಇರುತ್ತದಲ್ಲ, ನಮ್ಮ ಕೈ ಅಲ್ಲಿಗೇ ನಿಲ್ಲುತ್ತದೆ. ಈಗ ಅದೇ ಮಾತು ನನ್ನ ಬಾಯಿಂದ ಬಂತು, ಅದೂ ಎಷ್ಟು ಸಲೀಸಾಗಿ! ಬೆನ್ನು ತಾನಾಗಿ ನೆಟ್ಟಗಾಯಿತು, ದನಿ ಮೆತ್ತಗಾಯಿತು, ಮುಖದ ಮೇಲೆ ಒಂದು ಬಗೆಯ ಕ್ಷಮಾಗುಣ ಬಂದು ಕೂತಿತು. ಮಡಿಯಲ್ಲಿ ಇಷ್ಟೊಂದು ಸುಖವಿದೆ ಎಂದು ಯಾರೂ ಹೇಳಿರಲಿಲ್ಲ. ಅಮ್ಮನವರು ಲೋಟ ಹಿಡಿದುಕೊಂಡೇ ನಿಂತಿದ್ದರು. ಅವರ ಮುಖ ನಮ್ಮಮ್ಮನ ಮುಖದಂತೆಯೇ ಇತ್ತು, ಆ ಪೂಜೆಯ ದಿನ ಇದ್ದ ಹಾಗೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ತಲೆಗೇರಿತ್ತಲ್ಲ, “ತುಪ್ಪದ ಒಗ್ಗರಣೆ ವಾಸನೆ ಮ್ಯಾಲಕ್ಕೆ ಬರ್ತತೇನ್ರೀ?” ಎಂದು ಯಜಮಾನರನ್ನು ಕೇಳಿಬಿಟ್ಟೆ.

“ಬರ್ತತಿ. ಕಿಟಕಿ ಇಲ್ಲೇ ಐತಲ್ಲ.”

“ವಾರದಾಗೆ ಎಷ್ಟು ದಿನ ಹಾಕ್ತೀರಿ?”

ಆ ಮನೆಯಲ್ಲಿ ಈ ಪ್ರಶ್ನೆಯನ್ನು ಇಷ್ಟು ವರ್ಷ ಕೇಳುತ್ತಿದ್ದವರು ಅವರು. ಅವರು ಪೇಪರ್ ಮಡಿಸಿದರು, ಇನ್ನೊಂದು ಸಲ ಮಡಿಸಿದರು.

“ಅದೆಲ್ಲ ಇರ್ಲಿ. ಮನೆದೇವ್ರು ಯಾವುದು ನಿಮ್ಮದು?”

ವೀಗನ್ನರಿಗೆ ಮನೆದೇವರಿಲ್ಲ. ನನಗಿದೆ. ಹೇಳಿದೆ. ಬೆಳ್ಳುಳ್ಳಿಯಿಂದ ತುಪ್ಪದವರೆಗೆ ಅವರು ಹುಡುಕುತ್ತಿದ್ದ ಉತ್ತರ ಒಂದೇ ಮಾತಿನಲ್ಲಿ ಸಿಕ್ಕಿತು, ಮುಖ ನಿರಾಳವಾಯಿತು.

“ಈ ವ್ರತ ಹಿಡಿದು ಎಷ್ಟು ದಿನ ಆತು?”

“ಹತ್ತು.”

“ಇನ್ನು ಎಷ್ಟು ಐತಿ?”

“ಹನ್ನೊಂದು ದಿನ.”

“ನಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟ್ ರೀ,” ಅಂದರು.

ಮೂರನೇ ಭಾನುವಾರಕ್ಕೆ ವ್ರತ ಮುಗಿಯಿತು. ಇಪ್ಪತ್ತೆರಡನೇ ದಿನ ಕುರಿ ತರೋಣವೆಂದು ಬೆಳಿಗ್ಗೆಯೇ ಚೀಲ ಹಿಡಿದು ಹೊರಟರೆ ಹೆಂಡತಿ ಬಾಗಿಲಲ್ಲೇ ತಡೆದಳು. ಸೋಮವಾರ, ಶಿವನ ವಾರ. ಖಾಲಿ ಚೀಲ ಹಿಡಿದುಕೊಂಡೇ ದೋಸೆ ಹೋಟೆಲಿಗೆ ಹೋದೆ.

“ಬೆಣ್ಣೆ ದೋಸೆ. ಬೆಣ್ಣೆ ಹಾಕೇ ಕೊಡ್ರಿ.”

ಅವರ ಮುಖ ಅರಳಿತು. “ಡಾಕ್ಟ್ರು ಬಿಟ್ರಾ ಸಾರ್?”

“ಬಿಟ್ರು.”

ಎರಡು ಬೆರಳು ಪಾತ್ರೆಗಿಳಿದು ದೊಡ್ಡದೊಂದು ಉಂಡೆಯನ್ನೇ ಕಿತ್ತವು. ಹಂಚಿನ ತನಕ ಬಂದು ಕೈ ತಡೆಯಿತು. ಒಂದು ಗಳಿಗೆ ನನ್ನ ಎದೆಯ ಕಡೆ ನೋಡಿದರು, ಉಂಡೆಯಲ್ಲಿ ಅರ್ಧವನ್ನು ಪಾತ್ರೆಗೇ ವಾಪಸ್ ಹಾಕಿದರು.

“ಮೊದಲ ದಿನ ಇಷ್ಟು ಸಾಕು ಸಾರ್. ಸ್ಟೆಂಟ್ ಇನ್ನೂ ಹೊಸದು.”